ಮೂರು ವರ್ಷದ ಕುರ್ಚಿ

ನಮ್ಮೂರ ಕೆರೆ ಕೆಳಗಿನ ಒಂದು ಹೊಲಕ್ಕೆ ಇವತ್ತಿಗೂ ‘ತಳವಾರನ ಮಾನ್ಯ’ ಅಂತಲೇ ಹೆಸರು. ಊರು ಕಾಯೋ ಕೆಲಸಕ್ಕೆ ಸಂಬಳದ ಬದಲು ಕೊಟ್ಟ ಭೂಮಿ. ಕೆಲಸ ಬಿಟ್ಟರೆ ಹೊಲಾನೂ ಬಿಡಬೇಕಿತ್ತು ಅಂತ ಅಜ್ಜ ಹೇಳ್ತಿದ್ದರು. ನಾವು ಕಂಪನಿ ಬಿಡುವಾಗ ಲ್ಯಾಪ್‌ಟಾಪ್ ಒಪ್ಪಿಸಿ ಬರ್ತೀವಲ್ಲ, ಹಾಗೆ. ಆದರೆ ಲ್ಯಾಪ್‌ಟಾಪ್ ಹೋದರೆ ಮನೇಲಿ ಒಲೆ ಆರಲ್ಲ. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಬಗ್ಗೆ ಓದುವಾಗ ನನಗೆ ಈ ಹೊಲ ನೆನಪಾಯ್ತು.

ಮಂಗಳೂರು, ಬಳ್ಳಾರಿ ಎಲ್ಲ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲ. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನ ಪರಿಷತ್ತಿಗೆ ಚುನಾವಣೆಗೆ ನಿಂತು, ಕೆಲವೇ ಮತಗಳಿಂದ ಸೋತರು. ಹೆಂಗಸರು ಗೆದ್ದು ಬರಲಿಲ್ಲ. ಕೊನೆಗೆ ಸರ್ಕಾರವೇ ಒಬ್ಬರನ್ನು ನಾಮಕರಣ ಮಾಡಿತು: ಮುತ್ತುಲಕ್ಷ್ಮಿ ರೆಡ್ಡಿ. 1886ರಲ್ಲಿ ಪುದುಕೋಟೆಯಲ್ಲಿ ಹುಟ್ಟಿದವರು, ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಡಾಕ್ಟರಾದವರು. ತಂದೆ ಕಾಲೇಜಿನ ಪ್ರಿನ್ಸಿಪಾಲ್. ತಾಯಿ ದೇವದಾಸಿ ಪರಂಪರೆಯ ಸಮುದಾಯದಿಂದ ಬಂದವರು.

ನಾಮಕರಣ ಸದಸ್ಯರು ಅಂದರೆ ಈಗ ನಮಗೆ ಹಿಂಬಾಗಿಲು ನೆನಪಾಗುತ್ತೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 11 ಅಂಥವೇ. ಈಕೆಯೂ ಆ ಬಾಗಿಲಿಂದಲೇ ಒಳಗೆ ಬಂದರು. ಆದರೆ ಸದನ ಇವರನ್ನೇ ಉಪಾಧ್ಯಕ್ಷರನ್ನಾಗಿ ಆರಿಸಿತು.

1927ರಲ್ಲಿ ಅವರು, ಹೆಣ್ಣುಮಕ್ಕಳನ್ನು ದೇವಸ್ಥಾನಕ್ಕೆ ಬಿಡುವ ಪದ್ಧತಿ ನಿಲ್ಲಿಸಲು ಕಾನೂನು ತನ್ನಿ ಅಂತ ನಿರ್ಣಯ ಮಂಡಿಸಿದರು. ಪಕ್ಕದ ಮೈಸೂರು ಸಂಸ್ಥಾನ ತನ್ನ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು 1909ರಲ್ಲೇ ನಿಲ್ಲಿಸಿತ್ತು. ಮದ್ರಾಸಿನಲ್ಲಿ ಅಷ್ಟು ಸುಲಭ ಇರಲಿಲ್ಲ. ದೇವದಾಸಿಯರಿಗೂ ಇನಾಂ ಭೂಮಿ ಇತ್ತು, ಸೇವೆ ಮಾಡಿದರೆ ಮಾತ್ರ. ಸೇವೆ ನಿಂತರೆ ಭೂಮಿ ಹೋಯ್ತು. ಹಾಗಾಗಿ ಮನೆಗೊಬ್ಬ ಮಗಳನ್ನು ಬಿಡಲೇಬೇಕು.

ಬರೀ ‘ಬಿಡಬೇಡಿ’ ಅಂದಿದ್ದರೆ ಆ ಮನೆಗಳು ಬೀದಿಗೆ ಬೀಳ್ತಿದ್ದವು. ಮುತ್ತುಲಕ್ಷ್ಮಿಯವರು ಮೊದಲು ಕೈಹಾಕಿದ್ದು ಈ ಗಂಟಿಗೆ. 1929ರಲ್ಲಿ ಧಾರ್ಮಿಕ ದತ್ತಿ ಕಾಯಿದೆಗೆ ತಿದ್ದುಪಡಿ ಆಯ್ತು. ಸೇವೆಯ ಷರತ್ತು ಬಿತ್ತು. ಕಂದಾಯ ಕಟ್ಟಿಕೊಂಡು ಭೂಮಿ ಅವರೇ ಇಟ್ಟುಕೊಳ್ಳಬಹುದು.

ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ದೇವದಾಸಿಯರೇ ಸಂಘ ಕಟ್ಟಿ ವಿರೋಧಿಸಿದರು. ಅವರಲ್ಲಿ ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರೂ ಇದ್ದರು. ಓದು, ಸಂಗೀತ, ಸ್ವಂತ ಆಸ್ತಿ ಇರುವ ನಮ್ಮನ್ನೆಲ್ಲ ಒಂದೇ ಸಾಲಲ್ಲಿ ನಿಲ್ಲಿಸಿ ವೇಶ್ಯೆಯರು ಅನ್ನಬೇಡಿ ಅನ್ನೋದು ಅವರ ಅಳಲು. ಆ ಮಾತನ್ನು ತಳ್ಳಿಹಾಕೋಕೆ ನನಗೆ ಮನಸ್ಸು ಬರಲ್ಲ. ಅವರ ಬದುಕಿನ ಬಗ್ಗೆ ತೀರ್ಮಾನ ಆಗ್ತಿದ್ದ ಸದನದಲ್ಲಿ ಅವರಿಗೆ ಕುರ್ಚಿ ಇರಲಿಲ್ಲ. ಇದ್ದದ್ದು ಅವರದೇ ಸಮುದಾಯದ ಹೆಣ್ಣುಮಗಳೊಬ್ಬಳ ಮಗಳಿಗೆ. ಆಕೆಗೋ, ಈ ಪದ್ಧತಿ ಮುಂದಿನ ತಲೆಮಾರಿಗೆ ಬೇಡವೇ ಬೇಡ.

1930ರಲ್ಲಿ ಉಪ್ಪಿನ ಸತ್ಯಾಗ್ರಹದಲ್ಲಿ ಗಾಂಧೀಜಿಯ ಬಂಧನವಾಯ್ತು. ಮುತ್ತುಲಕ್ಷ್ಮಿ ರಾಜೀನಾಮೆ ಕೊಟ್ಟು ಹೊರಗೆ ಬಂದರು. ಕುರ್ಚಿ ಕೊಟ್ಟದ್ದೂ ಬಂಧಿಸಿದ್ದೂ ಒಂದೇ ಸರ್ಕಾರ. ಶಾಸಕಿಯಾಗಿ ಸಿಕ್ಕಿದ್ದು ಮೂರೇ ಚಿಲ್ಲರೆ ವರ್ಷ. ಪದ್ಧತಿಯನ್ನೇ ನಿಷೇಧಿಸುವ ಕಾಯಿದೆ ಮದ್ರಾಸಿನಲ್ಲಿ ಬಂದದ್ದು 1947ರಲ್ಲಿ. ಕರ್ನಾಟಕ 1982ರಲ್ಲಿ ಮತ್ತೊಮ್ಮೆ ಕಾಯಿದೆ ಮಾಡಬೇಕಾಯ್ತು ಅಂದರೆ ಬೇರು ಎಷ್ಟು ಆಳಕ್ಕಿತ್ತು ನೋಡಿ.

ಮುಂದಿನ ಸಲ ಪೇಪರಿನಲ್ಲಿ ನಾಮಕರಣಗೊಂಡವರ ಪಟ್ಟಿ ಬಂದಾಗ ನಾನೂ ಎಂದಿನಂತೆ ಗೊಣಗ್ತೀನಿ. ಆದರೆ ಇವರಲ್ಲಿ ಯಾರು, ಯಾವ ಗಂಟು ಬಿಚ್ಚೋಕೆ ಹೋಗ್ತಿದ್ದಾರೆ ಅಂತ ಒಂದ್ಸಲ ಕೇಳಿಕೊಂಡ ಮೇಲೆ.