ಶಾರ್ಲೊಟ್ ಕೊರ್ಡೆ

ರಾಜಕೀಯ ಕೊಲೆಗಳನ್ನು ಮಾಡಿದವರಲ್ಲಿ ಬಹುಮಂದಿ ಹಣದಾಸೆಗೋ ಸ್ವಂತದ ಹಗೆಗೋ ಆಯುಧವನ್ನು ಹಿಡಿದವರೆಂದು ನಾವು ಎಣಿಸುವುದುಂಟು. ಫ್ರಾನ್ಸ್ ದೇಶದ ಮಹಾಕ್ರಾಂತಿಯ ಕಾಲದಲ್ಲಿ ಮಾರಾ ಎಂಬ ಮುಖಂಡನನ್ನು ಕೊಂದ ಶಾರ್ಲೊಟ್ ಕೊರ್ಡೆಯು ಈ ಲೆಕ್ಕಕ್ಕೆ ಬಾರಳು. ಆಕೆಗೆ ಆತನ ಮುಖಪರಿಚಯವೂ ಇರಲಿಲ್ಲ.

1768 ರಲ್ಲಿ ನಾರ್ಮಂಡಿ ಪ್ರಾಂತದ ಒಂದು ಬಡ ಸರದಾರ ಮನೆತನದಲ್ಲಿ ಈಕೆಯು ಜನಿಸಿದಳು. ತಾಯಿಯು ತೀರಿಕೊಂಡ ಬಳಿಕ ಕಾನ್ ಪಟ್ಟಣದ ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ ಬೆಳೆದಳು. ಗುರುಮನೆಯಲ್ಲಿ ಬಿತ್ತಿದ ಬೀಜವು ಯಾವ ಫಲವನ್ನು ಕೊಡುವುದೆಂಬುದನ್ನು ಮೊದಲೇ ಬಲ್ಲವರಾರು? ಜಪತಪಗಳ ಆ ನೆಲೆಯ ಪುಸ್ತಕಭಂಡಾರದಲ್ಲಿಯೇ ಪ್ಲುಟಾರ್ಕನು ಬರೆದ ಗ್ರೀಕ ರೋಮನ ವೀರರ ಚರಿತ್ರೆಗಳೂ ರೂಸೋನ ಗ್ರಂಥಗಳೂ ಆಕೆಯ ಕೈಸೇರಿದುವು. ದೇಶಕ್ಕಾಗಿ ನಿರಂಕುಶನನ್ನು ಕೊಲ್ಲುವುದು ಪುಣ್ಯವೆಂಬ ಪ್ರಾಚೀನ ರೋಮದ ಭಾವನೆಯು ಆಕೆಯಲ್ಲಿ ಬೇರೂರಿದುದು ಇಲ್ಲಿಯೇ ಎಂದು ತೋರುತ್ತದೆ.

ಕ್ರಾಂತಿಯು ಮಠಗಳನ್ನು ಮುಚ್ಚಿಸಲು, ಆಕೆಯು ಅದೇ ಪಟ್ಟಣದಲ್ಲಿ ಬಂಧುವೊಬ್ಬಳ ಮನೆಯಲ್ಲಿ ನಿಂತಳು. ಹೀಗಿದ್ದೂ ಅರಸೊತ್ತಿಗೆಯ ಪಕ್ಷವನ್ನು ಸೇರಲಿಲ್ಲ. ಆಕೆಯು ಬಯಸಿದುದು ಪ್ರಜಾರಾಜ್ಯವನ್ನೇ. ಇದನ್ನು ಮರೆತರೆ ಆಕೆಯ ಕೃತ್ಯವು ಅರ್ಥವಾಗದು.

ಮಾರಾನು ವೈದ್ಯನಾಗಿದ್ದವನು, ‘ಜನಮಿತ್ರ’ವೆಂಬರ್ಥದ ಹೆಸರಿನ ತನ್ನ ಪತ್ರಿಕೆಯಲ್ಲಿ ವಿರೋಧಿಗಳ ತಲೆಗಳನ್ನು ಬೇಡುತ್ತಿದ್ದನು. 1792 ರ ಸಪ್ಟಂಬರದಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಸಾವಿರಕ್ಕೂ ಹೆಚ್ಚು ಜನರ ಕಗ್ಗೊಲೆಯಾಯಿತು. ಅದರ ಹೊಣೆಯನ್ನು ಶಾರ್ಲೊಟ್ಟಳು ಆತನ ಮೇಲೆಯೇ ಹೊರಿಸಿದಳು. 1793 ರ ಜೂನ್ 2 ರಂದು ಜಿರಾಂಡಿ ಪಕ್ಷದ ಮುಖಂಡರನ್ನು ಸೆರೆಹಿಡಿಯುವ ಆಜ್ಞೆಯಾಗಲು, ಅವರಲ್ಲಿ ಕೆಲವರು ಕಾನ್ ಪಟ್ಟಣಕ್ಕೆ ಓಡಿಬಂದರು. ಅವರ ಮಾತುಗಳನ್ನು ಕೇಳಿ ಆಕೆಯ ಸಂಕಲ್ಪವು ದೃಢವಾಯಿತು.

ಜುಲೈ 13 ರ ಬೆಳಿಗ್ಗೆ ಪ್ಯಾರಿಸ್ಸಿನಲ್ಲಿ ಅಡಿಗೆಮನೆಯ ಚೂರಿಯೊಂದನ್ನು ಕೊಂಡಳು. ತುಂಬಿದ ಸಭೆಯಲ್ಲಿಯೇ ಕೊಲ್ಲಬೇಕೆಂಬುದು ಮೊದಲಿನ ಎಣಿಕೆ. ಆದರೆ ಮಾರಾನು ಚರ್ಮರೋಗದಿಂದ ಮನೆಹಿಡಿದಿದ್ದನು. ಕಾನ್ ಪಟ್ಟಣದ ಒಳಸಂಚನ್ನು ತಿಳಿಸುವೆನೆಂದು ಪತ್ರ ಬರೆದು ಸಂಜೆ ಒಳಹೊಕ್ಕಳು. ದೇಶಧರ್ಮಕ್ಕಾಗಿ ಹೊರಟವಳು ಸುಳ್ಳಿನ ಬಾಗಿಲಿನಿಂದ ಪ್ರವೇಶಿಸಬೇಕಾಯಿತಲ್ಲ! ನೀರಿನ ತೊಟ್ಟಿಯಲ್ಲಿ ಕುಳಿತು, ಆಕೆಯು ಹೇಳಿದ ಹೆಸರುಗಳನ್ನು ಆತನು ಬರೆದುಕೊಳ್ಳುತ್ತಿದ್ದಾಗ, ಒಂದೇ ಪೆಟ್ಟಿಗೆ ಎದೆಯನ್ನು ಇರಿದಳು, ಅಲ್ಲಿಯೇ ಸೆರೆಸಿಕ್ಕಳು.

ಒಬ್ಬನನ್ನು ಕೊಂದು ಲಕ್ಷಮಂದಿಯನ್ನು ಉಳಿಸಿದೆನೆಂದು ನ್ಯಾಯಾಸ್ಥಾನದಲ್ಲಿ ನುಡಿದಳು. ಈ ಲೆಕ್ಕವು ತಲೆಕೆಳಗಾಯಿತು. ರೋಗಿಯಾಗಿ ಮೂಲೆಗುಂಪಾಗುತ್ತಿದ್ದ ಮಾರಾನು ಹುತಾತ್ಮನೆನಿಸಿದನು. ದಾವೀದನೆಂಬ ಚಿತ್ರಕಾರನು ಆತನ ಮರಣವನ್ನು ಸಂತನ ಮರಣದಂತೆ ಚಿತ್ರಿಸಿದನು. ಅದೇ ವರ್ಷ ಅಕ್ಟೋಬರ 31 ರಂದು ಜಿರಾಂಡಿ ಪಕ್ಷದ 20 ಕ್ಕಿಂತ ಹೆಚ್ಚು ಮುಖಂಡರು ಗಿಲೊಟಿನ್ನಿಗೆ ಬಲಿಯಾದರು. ಯಾರ ಪಕ್ಷವನ್ನು ವಹಿಸಿ ಆಕೆಯು ಕೈಯೆತ್ತಿದಳೋ ಅವರೇ ಇವರು.

ಸೆರೆಯಿಂದ ತಂದೆಗೆ ಬರೆದ ಪತ್ರದಲ್ಲಿ, ಅವರ ಅಪ್ಪಣೆಯಿಲ್ಲದೆ ತನ್ನ ಜೀವವನ್ನು ವಿನಿಯೋಗಿಸಿದುದಕ್ಕಾಗಿ ಕ್ಷಮೆಯನ್ನು ಬೇಡಿದಳು, ಕೊಂದುದಕ್ಕಾಗಿ ಬೇಡಲಿಲ್ಲ. ಜುಲೈ 17 ರಂದು ವಿಚಾರಣೆಯು ಮುಗಿದು ಅದೇ ಸಂಜೆ ಆಕೆಯ ಶಿರಚ್ಛೇದವಾಯಿತು. ಆಗ ಆಕೆಗೆ 24 ವರ್ಷ. ಕಡಿದ ತಲೆಯನ್ನೆತ್ತಿ ಕೆನ್ನೆಗೆ ಹೊಡೆದ ಆಳೊಬ್ಬನನ್ನು, ಆಕೆಗೆ ಮರಣದಂಡನೆಯನ್ನು ವಿಧಿಸಿದ ಆ ಸರ್ಕಾರದವರೇ ಸೆರೆಮನೆಗೆ ಕಳುಹಿಸಿದರು.