ಗುಟ್ಟು ಹೊರಬೀಳುವ ಬಗೆ: ಚಾಕಣದ ಕೋಟೆಯಿಂದ ಮೊಬೈಲ್ ಫೋನಿನವರೆಗೆ

ಪುಣೆಯಿಂದ ನಾಸಿಕಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರು ದೂರದಲ್ಲಿರುವ ಚಾಕಣವನ್ನು ಇಂದು ಮೋಟಾರು ವಾಹನಗಳ ಕಾರ್ಖಾನೆಗಳಿಂದ ಬಲ್ಲವರೇ ಹೆಚ್ಚು. ಬೀದರಿನಿಂದ ಆಳಿದ ಬಹಮನೀ ಸುಲ್ತಾನರ ಕಾಲದಲ್ಲಿ ಇದೇ ಊರು ಕೊಂಕಣದ ದಂಡಯಾತ್ರೆಗಳಿಗೆ ನೆಲೆಯಾಗಿದ್ದಿತು. ಒಂದು ನೆಲೆಯ ರಕ್ಷಣೆಯು ಗೋಡೆಯನ್ನು ಎಷ್ಟರಮಟ್ಟಿಗೆ ಅವಲಂಬಿಸಿದೆ, ಗುಟ್ಟನ್ನು ಎಷ್ಟರಮಟ್ಟಿಗೆ ಅವಲಂಬಿಸಿದೆ ಎಂಬ ಪ್ರಶ್ನೆಗೆ ಈ ಪ್ರಾಂತದ ಎರಡು ಘಟನೆಗಳು ಉತ್ತರ ಹೇಳುತ್ತವೆ. ನಮ್ಮ ಕಾಲದ ಮೊಬೈಲ್ ಫೋನಿನ ಚರಿತ್ರೆಯೂ ಅದೇ ಉತ್ತರವನ್ನು ದೃಢಪಡಿಸುತ್ತದೆ.

ಮೊದಲನೆಯದು 1660ರ ಮುತ್ತಿಗೆ. ದಖನ್ನಿನ ಮೊಗಲ ಸುಬೇದಾರನಾದ ಶಾಯಿಸ್ತಾಖಾನನು ಆ ವರ್ಷದ ಜೂನ್ ತಿಂಗಳಲ್ಲಿ ಚಾಕಣದ ಸಂಗ್ರಾಮದುರ್ಗವನ್ನು ಮುತ್ತಿದನು. ಅದು ಬೆಟ್ಟದ ಆಸರೆಯಿಲ್ಲದ ನೆಲಗೋಟೆ. ಶಿವಾಜಿಯ ಕಿಲ್ಲೇದಾರ ಫಿರಂಗೋಜಿ ನರಸಾಳನು ಕೆಲವೇ ನೂರು ಮಂದಿಯೊಡನೆ ಆ ದೊಡ್ಡ ದಂಡನ್ನು ಸುಮಾರು ಎರಡು ತಿಂಗಳು ತಡೆದನು. ಒಳಗಿನ ಮರ್ಮ ಯಾವುದೂ ಖಾನನಿಗೆ ದೊರೆಯಲಿಲ್ಲ. ಆದುದರಿಂದ ಅವನು ಸುರಂಗ ತೋಡಿಸಿ, ಆಗಸ್ಟ್ 14ರಂದು ಮದ್ದಿನಿಂದ ಬುರುಜನ್ನು ಹಾರಿಸಬೇಕಾಯಿತು. ಮರುದಿನ ಕೋಟೆ ಬಿದ್ದಿತು. ಆದರೆ ಅದಕ್ಕಾಗಿ ಮೊಗಲರು ತೆತ್ತ ಬೆಲೆ ದೊಡ್ಡದು.

ಎರಡನೆಯದು ಮೂರು ವರ್ಷಗಳ ಅನಂತರದ್ದು. ಪುಣೆಯ ಲಾಲ್ ಮಹಲಿನಲ್ಲಿ ಬಿಡಾರ ಮಾಡಿದ್ದ ಅದೇ ಖಾನನ ಸುತ್ತ ಭಾರಿ ಕಾವಲಿದ್ದಿತು. 1663ರ ಏಪ್ರಿಲ್ 5ರ ರಾತ್ರಿ ಶಿವಾಜಿಯು ಸಣ್ಣದೊಂದು ತಂಡದೊಡನೆ ಅಡಿಗೆಯ ಮನೆಯ ಕಡೆಯಿಂದ, ಇಟ್ಟಿಗೆಯಿಂದ ಮುಚ್ಚಿದ್ದ ಕಿರುದ್ವಾರವೊಂದನ್ನು ಬಿಚ್ಚಿ ಅಂತಃಪುರವನ್ನು ಹೊಕ್ಕನು. ಖಾನನು ಬೆರಳುಗಳನ್ನು ಕಳೆದುಕೊಂಡನು. ಅವನ ಮಗನು ಹತನಾದನು. ಇಲ್ಲಿ ಸುರಂಗವಿಲ್ಲ, ಮದ್ದಿಲ್ಲ. ಆ ಮನೆ ಶಿವಾಜಿಯು ಬಾಲ್ಯವನ್ನು ಕಳೆದ ಮನೆ; ಯಾವುದು ಎಲ್ಲಿದೆಯೆಂಬುದನ್ನು ಅವನು ಬಲ್ಲವನಾಗಿದ್ದನು. ಆ ಅರಿವಿನ ಮುಂದೆ ಕಾವಲಿನ ಬಲವೆಲ್ಲ ವ್ಯರ್ಥವಾಯಿತು.

ಮೊಬೈಲ್ ಫೋನಿನ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟಿದವರು ಈ ತತ್ತ್ವವನ್ನು ಚೆನ್ನಾಗಿ ಅರಿತಿದ್ದರು. ಫೋನಿನ ಮೆಮೊರಿಯಲ್ಲಿ ಯಾವ ಭಾಗ ಎಲ್ಲಿದೆಯೆಂಬುದು ತಿಳಿದರೆ ಹೊರಗಿನವನು ಅದನ್ನು ತನಗೆ ಬೇಕಾದಂತೆ ಆಡಿಸಬಲ್ಲನು. ಆದುದರಿಂದ ಭಾಗಗಳ ಸ್ಥಾನವನ್ನು ಪ್ರತಿ ಸಲವೂ ಬದಲಿಸಿ ಇಡುವ ಉಪಾಯವನ್ನು 2011ರಲ್ಲಿ ಆಪಲ್ ಮತ್ತು ಆಂಡ್ರಾಯ್ಡ್ ಎರಡೂ ಅಳವಡಿಸಿಕೊಂಡವು. ವ್ಯವಸ್ಥೆಯ ಗರ್ಭಗುಡಿಯಂತಿರುವ ಕರ್ನೆಲ್ಲಿಗೂ 2012ರಲ್ಲಿ ಆಪಲ್ ಇದೇ ಮರೆಯನ್ನು ಒದಗಿಸಿತು. ಆದರೆ ಕರ್ನೆಲ್ಲಿನ ಭಾಗಗಳೆಲ್ಲ ಒಟ್ಟಾಗಿ ಒಂದೇ ಅಳತೆಯಲ್ಲಿ ಸರಿಯುತ್ತವೆ. ಆದ್ದರಿಂದ ಅವುಗಳಲ್ಲಿ ಒಂದರ ವಿಳಾಸ ಹೊರಬಿದ್ದರೂ ಮಿಕ್ಕವೆಲ್ಲದರ ಸ್ಥಾನವನ್ನು ಲೆಕ್ಕಹಾಕಬಹುದು. ಹೀಗೆ ವಿಳಾಸವನ್ನು ಬಿಟ್ಟುಕೊಡುವ ದೋಷಕ್ಕೆ ಮಾಹಿತಿ ಸೋರಿಕೆಯೆಂದು ಹೆಸರು. ತಾನಾಗಿ ಅದು ಏನನ್ನೂ ಕೆಡಿಸದು. ಮುಚ್ಚಿದ ಬಾಗಿಲು ಎಲ್ಲಿದೆಯೆಂದು ತೋರಿಸುತ್ತದೆ, ಅಷ್ಟೆ.

ಈ ಕ್ಷುಲ್ಲಕವೆನಿಸುವ ದೋಷದ ಬೆಲೆ 2016ರ ಆಗಸ್ಟ್ ತಿಂಗಳಲ್ಲಿ ಜಗತ್ತಿಗೆ ತಿಳಿಯಿತು. ಅರಬ್ ಸಂಯುಕ್ತ ಸಂಸ್ಥಾನದ ಮಾನವ ಹಕ್ಕುಗಳ ಹೋರಾಟಗಾರ ಅಹಮದ್ ಮನ್ಸೂರರು ತಮಗೆ ಬಂದ ಸಂದೇಹಾಸ್ಪದ ಸಂದೇಶಗಳಲ್ಲಿದ್ದ ಲಿಂಕುಗಳನ್ನು ತೆರೆಯದೆ, ಆ ಸಂದೇಶಗಳನ್ನು ಟೊರಾಂಟೊ ವಿಶ್ವವಿದ್ಯಾನಿಲಯದ ಸಿಟಿಜನ್ ಲ್ಯಾಬಿಗೆ ಕಳುಹಿಸಿದರು. ಪರೀಕ್ಷಿಸಲಾಗಿ, ಇಸ್ರೇಲಿನ ಎನ್‌ಎಸ್‌ಒ ಸಂಸ್ಥೆಯ ಪೆಗಾಸಸ್ ಎಂಬ ಗೂಢಚಾರ ತಂತ್ರಾಂಶವು ಮೂರು ದೋಷಗಳನ್ನು ಸರಪಳಿಯಂತೆ ಪೋಣಿಸಿ ಆಪಲ್ ಫೋನನ್ನು ವಶಪಡಿಸಿಕೊಳ್ಳುವುದೆಂದು ತಿಳಿದುಬಂದಿತು. ಮೊದಲನೆಯದು ಒಳಗೆ ಕಾಲಿಡುವುದಕ್ಕೆ. ಕೊನೆಯದು ಕರ್ನೆಲ್ಲನ್ನು ಕೆಡಿಸುವುದಕ್ಕೆ. ಇವೆರಡರ ನಡುವಿನ ಕೊಂಡಿಯೇ ಕರ್ನೆಲ್ಲಿನ ಸ್ಥಾನವನ್ನು ಬಯಲುಮಾಡುವ ಮಾಹಿತಿ ಸೋರಿಕೆ. ಆ ತಿಂಗಳ 25ರಂದು ಆಪಲ್ ಮೂರನ್ನೂ ಮುಚ್ಚಿತು.

ಕನ್ನಡ ನಾಡಿಗೂ ಈ ಸುದ್ದಿ ದೂರದ್ದಾಗಿ ಉಳಿಯಲಿಲ್ಲ. 2019ರ ಜುಲೈ 23ರಂದು ಕುಮಾರಸ್ವಾಮಿಯವರ ಸರ್ಕಾರ ವಿಶ್ವಾಸಮತದಲ್ಲಿ ಸೋತಿತು. ಆ ದಿನಗಳಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರರ ಸಂಖ್ಯೆಯೂ, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳೂ ಪೆಗಾಸಸ್ಸಿನ ಸಂಭವನೀಯ ಗುರಿಗಳ ಪಟ್ಟಿಯಲ್ಲಿದ್ದವೆಂದು 2021ರ ಜುಲೈ ತಿಂಗಳಲ್ಲಿ ಪತ್ರಿಕೆಗಳು ವರದಿ ಮಾಡಿದವು. ಪಟ್ಟಿಯಲ್ಲಿ ಸಂಖ್ಯೆಯಿದ್ದ ಮಾತ್ರಕ್ಕೆ ಫೋನು ಭೇದಿಸಲ್ಪಟ್ಟಿತೆಂದು ಸಿದ್ಧವಾಗದು. ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಅಕ್ಟೋಬರಿನಲ್ಲಿ ಒಂದು ತಾಂತ್ರಿಕ ಸಮಿತಿಯನ್ನು ನೇಮಿಸಿ, ಅದರ ಮೇಲ್ವಿಚಾರಣೆಯನ್ನು ಹಿಂದೆ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಆರ್. ವಿ. ರವೀಂದ್ರನ್ ಅವರಿಗೆ ಒಪ್ಪಿಸಿತು. ಪರೀಕ್ಷೆಗೆ ಬಂದ 29 ಫೋನುಗಳಲ್ಲಿ 5ರಲ್ಲಿ ದುಷ್ಟ ತಂತ್ರಾಂಶವಿದ್ದಿತೆಂದೂ, ಅದು ಪೆಗಾಸಸ್ಸೇ ಎಂಬುದಕ್ಕೆ ನಿರ್ಣಾಯಕ ಪುರಾವೆಯಿಲ್ಲವೆಂದೂ 2022ರ ಆಗಸ್ಟ್ ತಿಂಗಳಲ್ಲಿ ತಿಳಿದುಬಂದಿತು.

ಸಿಡಿದ ಬುರುಜು ಎಲ್ಲರ ಕಣ್ಣಿಗೂ ಬೀಳುತ್ತದೆ. ಸೋರಿಹೋದ ಗುಟ್ಟು ಒಡೆಯನಿಗೇ ತಿಳಿಯದು; ವರ್ಷಗಳು ಕಳೆದ ಮೇಲೆ ತಜ್ಞರು ಹುಡುಕಿದರೂ ಅದರ ಹೆಜ್ಜೆಯ ಗುರುತು ಸ್ಪಷ್ಟವಾಗಿ ದೊರೆಯದೆ ಹೋಗಬಹುದು. ಚಾಕಣದ ಸೋಲಿಗೆ ತಿಥಿಯುಂಟು, ಲೆಕ್ಕವುಂಟು. ಫೋನಿನ ಸೋಲಿಗೆ ಅನೇಕ ವೇಳೆ ಅವೆರಡೂ ಇಲ್ಲ. ಮನೆಯಿಂದ ದೂರ ಬಂದು ದುಡಿಯುವವರ ಪತ್ರ, ಹಣ, ಮನೆಮಾತುಗಳೆಲ್ಲ ಇಂದು ಈ ಒಂದು ಉಪಕರಣದಲ್ಲಿಯೇ ಸೇರಿಕೊಂಡಿವೆ. ಆದುದರಿಂದ ಸಣ್ಣದೆಂದು ಹೇಳಲಾಗುವ ಸೋರಿಕೆಯನ್ನು ಸಣ್ಣದೆಂದು ಎಣಿಸುವಂತಿಲ್ಲ. ತಯಾರಕರು ಕಳುಹಿಸುವ ದುರಸ್ತಿಯನ್ನು ಬಂದ ಕೂಡಲೆ ಅಳವಡಿಸಿಕೊಳ್ಳುವುದು ಕೋಟೆಯ ಬಿರುಕನ್ನು ಮುಚ್ಚುವಷ್ಟೇ ಅಗತ್ಯವಾದ ಕೆಲಸ. ಲಾಲ್ ಮಹಲಿನಲ್ಲಿಯೂ ಇದ್ದುದು ಇಟ್ಟಿಗೆ ಮುಚ್ಚಿದ ಒಂದು ಕಿರುದ್ವಾರವೇ.