ಗಾಡಿ ಗೊತ್ತು ಮಾಡುವುದು: ನಾಲ್ಕು ತಾಲ್ಲೂಕುಗಳ ಯಾತ್ರೆಯ ಚರಿತ್ರೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ದೂರದ ಪ್ರಯಾಣವೆಂದರೆ ಬಹುಕಾಲ ಯಾತ್ರೆಯೇ. ರಜೆ ಕಳೆಯಲು ಊರು ಬಿಟ್ಟು ಹೋಗುವ ರೂಢಿ ಇತ್ತೀಚಿನದು. ತಿರುಪತಿ, ಮಂತ್ರಾಲಯ, ಧರ್ಮಸ್ಥಳ, ಕಾಶಿ, ಮಕ್ಕಾ ಇವೆಲ್ಲ ಹಳೆಯವು. ಎಲ್ಲಿಗೆ ಹೋಗಬೇಕೆಂಬುದನ್ನು ಹರಕೆಯೋ ಮನೆದೇವರೋ ಮೊದಲೇ ತೀರ್ಮಾನಿಸಿರುತ್ತಿದ್ದುದರಿಂದ, ಯಾವುದರಲ್ಲಿ, ಯಾರ ಜೊತೆ, ಎಷ್ಟು ಖರ್ಚಿನಲ್ಲಿ ಎಂಬುದಷ್ಟೇ ಆಯ್ಕೆಗೆ ಉಳಿಯುತ್ತಿತ್ತು. ಆ ಆಯ್ಕೆಯೂ ಪೂರ್ತಿ ಯಾತ್ರಿಕರ ಕೈಯಲ್ಲಿ ಇರಲಿಲ್ಲ. ರೈಲು ಯಾವ ಊರಿಗೆ ಬಂತು, ಹಡಗು ಯಾವ ಬಂದರಿನಿಂದ ಹೊರಟಿತು, ಬಸ್ಸಿಗೆ ಯಾವ ದಾರಿಯ ಪರ್ಮಿಟ್ ಸಿಕ್ಕಿತು ಎಂಬುದರ ಮೇಲೆಯೇ ಅದು ನಿಂತಿತ್ತು.

ಜಯಮಂಗಲಿ, ಸುವರ್ಣಮುಖಿ ಮಳೆ ಬಂದಾಗ ಹರಿದು ಉಳಿದ ದಿನ ಮರಳು ತೋರಿಸುವ ಹೊಳೆಗಳು. ಹೀಗಾಗಿ ಜಲಮಾರ್ಗದ ಮಾತು ಇಲ್ಲಿ ಹುಟ್ಟಲೇ ಇಲ್ಲ. ನೆಲದ ದಾರಿಗೆ ಮಾತ್ರ ಕೊರತೆಯಿರಲಿಲ್ಲ. ಬಿಜಾಪುರದವರ ಕೈಯಲ್ಲಿದ್ದ ಶಿರಾ 1687ರಲ್ಲಿ ಮೊಘಲರ ಸುಬಾದ ಕೇಂದ್ರವಾಯಿತು. 1761ರಲ್ಲಿ ಹೈದರಾಲಿಯ ವಶವಾಗುವವರೆಗೂ ದಕ್ಷಿಣದ ದೊಡ್ಡ ಪಟ್ಟಣಗಳಲ್ಲಿ ಅದೂ ಒಂದು. ಮುಂದೆ ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು ಹಾದು ಪುಣೆಯ ಕಡೆಗೆ ಹೋಗುವ ಹೆದ್ದಾರಿ ಈ ಊರನ್ನು ದಾರಿಯ ಮೇಲೆಯೇ ಉಳಿಸಿತು. ಕೊರಟಗೆರೆ, ಮಧುಗಿರಿ, ಪಾವಗಡ ಒಳನಾಡು.

ಗಾಡಿಯ ಕಾಲದಲ್ಲಿ ಹೋಲಿಸಿ ನೋಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಸ್ವಂತ ಎತ್ತು ಇದ್ದವರು ಕಮಾನು ಗಾಡಿ ಕಟ್ಟಿದರು, ಇಲ್ಲದವರು ನಡೆದರು. ದಿನಕ್ಕೆ ಐದಾರು ಹರದಾರಿ ಸಾಗಿದರೆ ಹೆಚ್ಚು. ಸಂಜೆಗೆ ಛತ್ರ ಸಿಗುವಂತೆ ಲೆಕ್ಕ ಹಾಕಿ ಹೊರಡಬೇಕಿತ್ತು. ಕಾಶಿಗೆ ಹೊರಟವರು ಆಸ್ತಿಯ ವಿಲೇವಾರಿ ಮುಗಿಸಿ, ಊರವರಿಂದ ಬೀಳ್ಕೊಂಡು ಹೋಗುತ್ತಿದ್ದರು. ಅದು ತಿರುಗಿ ಬಂದರೆ ಬಂದಂತೆ ಎನ್ನುವ ಪ್ರಯಾಣವಾಗಿತ್ತು.

ಮೊದಲ ನಿಜವಾದ ಆಯ್ಕೆಯನ್ನು ತಂದದ್ದು ರೈಲು, ಅದೂ ಈ ನಾಲ್ಕು ಊರುಗಳನ್ನು ಮುಟ್ಟದೆಯೇ. ಬೆಂಗಳೂರು–ತುಮಕೂರು ಮೀಟರ್ ಗೇಜ್ ಹಳಿ 1884ರಲ್ಲಿ ತೆರೆಯಿತು. 1889ರ ಹೊತ್ತಿಗೆ ಅದು ಅರಸೀಕೆರೆಯ ಮೇಲೆ ಹರಿಹರದವರೆಗೂ ಮುಟ್ಟಿತ್ತು. ಪೂರ್ವದ ಮಗ್ಗುಲಲ್ಲಿ ಬೆಂಗಳೂರಿನಿಂದ ದೊಡ್ಡಬಳ್ಳಾಪುರ, ಹಿಂದೂಪುರದ ಮೂಲಕ ಗುಂತಕಲ್ಲಿಗೆ ಹೋಗುವ ಹಳಿ 1890ರ ದಶಕದ ಆರಂಭದಲ್ಲಿ ಸಿದ್ಧವಾಯಿತು. ಅಂದಿನಿಂದ ಸೀಮೆ ಎರಡಾಗಿ ಸೀಳಿತು. ಶಿರಾ, ಕೊರಟಗೆರೆಯವರಿಗೆ ತುಮಕೂರು ಸ್ಟೇಷನ್ನು ಹತ್ತಿರ, ಪಾವಗಡದವರಿಗೂ ಮಧುಗಿರಿಯ ಪೂರ್ವ ಹೋಬಳಿಗಳವರಿಗೂ ಹಿಂದೂಪುರ. ತಿರುಪತಿಗೆ ಹಿಂದೂಪುರವೇ ಅನುಕೂಲ. ಅಲ್ಲಿಂದ ಧರ್ಮಾವರಕ್ಕೆ ಹೋಗಿ ಗಾಡಿ ಬದಲಿಸಿದರೆ ಕದಿರಿ, ಪಾಕಾಲದ ಮೇಲೆ ತಿರುಪತಿಯವರೆಗೂ ಮೀಟರ್ ಗೇಜ್ ಹಳಿಯೇ, ದಾರಿಯಲ್ಲಿ ಕದಿರಿ ನರಸಿಂಹನ ದರ್ಶನವೂ ಆಗುತ್ತಿತ್ತು. ಉತ್ತರದ ಕಡೆ ಪಂಢರಪುರಕ್ಕೋ ಬೊಂಬಾಯಿಗೋ ಹೋಗುವವರಿಗೆ ತುಮಕೂರಿನ ದಾರಿ ನೇರ. ಸ್ಟೇಷನ್ ಮುಟ್ಟುವುದಕ್ಕೆ ಮಾತ್ರ ಹಳೆಯ ಎತ್ತಿನ ಗಾಡಿಯೇ ಗತಿ.

ಶಿರಾ, ಮಧುಗಿರಿ ಸೀಮೆಯ ಮುಸ್ಲಿಮರಿಗೆ ಹಜ್ ಯಾತ್ರೆಯ ದಾರಿಯೂ ಬೊಂಬಾಯಿಯ ಮೇಲೆಯೇ ಹೋಗುತ್ತಿತ್ತು. ಈ ಬಯಲುಸೀಮೆಯ ಜನ ಹಡಗಿನ ಕಂಪನಿಗಳ ಮುಂದೆ ನಿಂತು ಇದೋ ಅದೋ ಎಂದು ನೋಡಬಹುದಾಗಿದ್ದ ಒಂದೇ ಸಂದರ್ಭ ಅದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ವ್ಯಾಪಾರ ದಲ್ಲಾಳಿಗಳ ಕೈಯಲ್ಲಿತ್ತು. ಹೊರಡುವ ದಿನವನ್ನು ಅವರು ಸುಳ್ಳು ಹೇಳುತ್ತಿದ್ದರು, ಮಿತಿಮೀರಿ ಜನರನ್ನು ತುಂಬಿಸುತ್ತಿದ್ದರು. ಡೆಕ್ಕಿನ ಮೇಲೆ ಚಾಪೆ ಹಾಸಲು ಸಿಕ್ಕ ಜಾಗವೇ ಯಾತ್ರಿಕನ ಮನೆ. ಅಡುಗೆ, ನಿದ್ದೆ, ನಮಾಜು ಎಲ್ಲ ಅಲ್ಲೇ. ಹಡಗನ್ನು ನಂಬುವುದು ಎಷ್ಟು ಕಷ್ಟ ಎಂಬುದನ್ನು 1880ರ ‘ಜೆಡ್ಡಾ’ ಹಡಗಿನ ಪ್ರಕರಣ ಜಗತ್ತಿಗೇ ತೋರಿಸಿತು. ಸಿಂಗಪುರ, ಪೆನಾಂಗ್ ಕಡೆಯಿಂದ ಬಂದ ಆ ಹಡಗಿನಲ್ಲಿ ಒಂಬತ್ತು ನೂರಕ್ಕೂ ಹೆಚ್ಚು ಯಾತ್ರಿಕರಿದ್ದರು. ನೀರು ನುಗ್ಗತೊಡಗಿದಾಗ ಕಪ್ತಾನನೂ ಅಧಿಕಾರಿಗಳೂ ದೋಣಿ ಹತ್ತಿ ಪಾರಾದರು, ಹಡಗು ಮುಳುಗಿತೆಂದೂ ಹೇಳಿದರು. ಆದರೆ ಮತ್ತೊಂದು ಹಡಗು ಅದನ್ನು ಎಳೆದುಕೊಂಡು ಏಡನ್ನಿಗೆ ತಂದಿತು, ಯಾತ್ರಿಕರು ಉಳಿದುಕೊಂಡಿದ್ದರು.

ಬ್ರಿಟಿಷ್ ಸರ್ಕಾರ 1886ರಲ್ಲಿ ಥಾಮಸ್ ಕುಕ್ ಕಂಪನಿಗೆ ಹಜ್ ಟಿಕೆಟ್ಟಿನ ಏಜೆನ್ಸಿ ಕೊಟ್ಟು ನೋಡಿತು. ಯುರೋಪಿನ ಮಧ್ಯಮವರ್ಗಕ್ಕೆ ವಿಹಾರಯಾತ್ರೆ ಕಲಿಸಿದ ಕಂಪನಿ ಇದೇ. ಈ ವ್ಯವಸ್ಥೆ ದಶಕ ತುಂಬುವ ಮೊದಲೇ ನಿಂತುಹೋಯಿತು. 1895ರ ಯಾತ್ರಿಕ ಹಡಗುಗಳ ಕಾಯಿದೆ ತಲೆಗಿಷ್ಟು ಜಾಗ, ಹಡಗಿನಲ್ಲಿ ವೈದ್ಯ ಎಂಬಂಥ ನಿಯಮ ತಂದಿತು. ಯೆಮನ್ ಕರಾವಳಿಯ ಕಾಮರಾನ್ ದ್ವೀಪದಲ್ಲಿ ಇಳಿದು ಕ್ವಾರಂಟೈನು ಮುಗಿಸದೆ ಜೆಡ್ಡಾ ಬಂದರು ಕಾಣುವಂತಿರಲಿಲ್ಲ.

ಬೊಂಬಾಯಿಯ ಹಜ್ ಹಡಗುಗಳಲ್ಲಿ ದೊಡ್ಡ ಹೆಸರು 1877ರಲ್ಲಿ ಶುರುವಾದ ಬಾಂಬೆ ಅಂಡ್ ಪರ್ಷಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯದು. ಮುಂದೆ ಅದಕ್ಕೆ ಮೊಗಲ್ ಲೈನ್ ಎಂಬ ಹೆಸರೇ ನಿಂತಿತು. ಹೆಸರು ಮೊಗಲರದಾದರೂ ಆಡಳಿತ ಟರ್ನರ್ ಮಾರಿಸನ್ ಎಂಬ ಬ್ರಿಟಿಷ್ ಕಂಪನಿಯದು. ಭಾರತೀಯ ಒಡೆತನದ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ 1937ರಲ್ಲಿ ತನ್ನದೇ ಹಜ್ ಹಡಗುಗಳನ್ನು ಇಳಿಸಿದಾಗ ದರಸಮರ ಹೊತ್ತಿಕೊಂಡಿತು. ಎರಡೂ ಕಡೆಯವರು ನಷ್ಟದಲ್ಲೇ ಟಿಕೆಟ್ ಮಾರಿದರು, ಯಾತ್ರಿಕರಿಗೆ ಅಗ್ಗವಾಯಿತು. ಅದು ಬಹಳ ಕಾಲ ನಡೆಯಲಿಲ್ಲ. ಯುದ್ಧ ಬಂದು ಹಡಗುಗಳೇ ಇಲ್ಲದಂತಾಯಿತು. ಒಳನಾಡಿನ ಯಾತ್ರಿಕನ ಪಾಲಿಗೆ ಕಂಪನಿಯ ಹೆಸರಿಗಿಂತ ಮುಖ್ಯವಾದದ್ದು ಬೊಂಬಾಯಿಯಲ್ಲಿ ತಂಗಲು ಮುಸಾಫಿರಖಾನೆಯಲ್ಲಿ ಜಾಗ ಸಿಕ್ಕುವುದು ಮತ್ತು ಹಡಗು ಹೇಳಿದ ದಿನ ಹೊರಡುವುದು. ಕಾಯುವ ಪ್ರತಿ ದಿನವೂ ಬುತ್ತಿಯನ್ನು ಕರಗಿಸುತ್ತಿತ್ತು. 1932ರಲ್ಲಿ ಬಂದರು ಹಜ್ ಸಮಿತಿಗಳು, 1959ರಲ್ಲಿ ಹಜ್ ಸಮಿತಿ ಕಾಯಿದೆ ಬಂದವು. ಸರ್ಕಾರದ ಕೈಸೇರಿದ್ದ ಮೊಗಲ್ ಲೈನ್ 1986ರಲ್ಲಿ ಶಿಪ್ಪಿಂಗ್ ಕಾರ್ಪೊರೇಷನ್ನಿನೊಳಗೆ ವಿಲೀನವಾಯಿತು. 1995ರಲ್ಲಿ ಹಡಗಿನ ಹಜ್ ಯಾತ್ರೆ ಕೊನೆಯಾಗಿ ಎಲ್ಲವೂ ವಿಮಾನಕ್ಕೆ ಬಂತು. ಈಗ ಈ ಸೀಮೆಯ ಹಾಜಿಗಳು ಬೆಂಗಳೂರಿನಿಂದಲೇ ಹಾರುತ್ತಾರೆ.

ಉಳಿದೆಲ್ಲ ಪ್ರಯಾಣಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಒದಗಿದ್ದು ಮೋಟಾರು ಬಸ್ಸು. ಊರಿನ ಸಾಹುಕಾರನೊಬ್ಬ ಒಂದೆರಡು ಬಸ್ಸು ಇಟ್ಟು ದೇವರ ಹೆಸರಿನಲ್ಲಿ ‘ಸರ್ವೀಸು’ ನಡೆಸುವುದು ಮಾಮೂಲಾಯಿತು. ಯಾವ ಬಸ್ಸು ಯಾವ ದಾರಿಯಲ್ಲಿ ಎಷ್ಟು ಸಲ ಓಡಬೇಕೆಂಬುದನ್ನು 1939ರ ಮೋಟಾರು ವಾಹನ ಕಾಯಿದೆ ಪರ್ಮಿಟ್ಟಿಗೆ ಕಟ್ಟಿಹಾಕಿತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ ಅದರ ಅನಿಲದಿಂದ ಓಡಿಸಿದರು. ಏರು ಬಂದಲ್ಲಿ ಪ್ರಯಾಣಿಕರು ಇಳಿದು ನೂಕಬೇಕಾಗುತ್ತಿತ್ತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಕೆಲಸ ಶುರುಮಾಡಿತು. 1961ರಲ್ಲಿ ಅದು ನಿಗಮವಾಯಿತು. ಆದರೆ ರಾಷ್ಟ್ರೀಕರಣ ರಾಜ್ಯದ ಮೇಲೆಲ್ಲ ಒಂದೇ ಸಮನೆ ಹಬ್ಬಲಿಲ್ಲ. ಕೋಲಾರ, ಆನೇಕಲ್ ಕಡೆ ಅದು ಬಲವಾಯಿತು, ತುಮಕೂರು ಜಿಲ್ಲೆಯ ಈ ಉತ್ತರದ ತಾಲ್ಲೂಕುಗಳಲ್ಲಿ ಖಾಸಗಿ ಬಸ್ಸುಗಳ ಭರಾಟೆ ಉಳಿದುಕೊಂಡಿತು.

ದಿನವೂ ರೂಟಿನಲ್ಲಿ ಓಡುವ ಬಸ್ಸನ್ನೇ ಯಾತ್ರೆಗೆ ಗೊತ್ತು ಮಾಡುವ ಪದ್ಧತಿ ಹೀಗೆ ಬೆಳೆಯಿತು. ಮಾಲೀಕ ನಾಲ್ಕಾರು ದಿನಕ್ಕೆ ಸ್ಪೆಷಲ್ ಪರ್ಮಿಟ್ ಮಾಡಿಸಿಕೊಳ್ಳುತ್ತಿದ್ದ. ಹಂಗಾಮು ಸಾಮಾನ್ಯವಾಗಿ ಕಡ್ಲೆಕಾಯಿ ಕಿತ್ತು ಮಾರಿದ ಮೇಲೆ, ಅಂದರೆ ಕಾರ್ತಿಕದಿಂದ ಸಂಕ್ರಾಂತಿಯವರೆಗೆ. ಕೈಯಲ್ಲಿ ದುಡ್ಡಿರುವ ಕಾಲ ಅದೊಂದೇ. ಶಬರಿಮಲೆಯ ಮಾಲೆ, ಮೇಲ್ಮರುವತ್ತೂರಿನ ಓಂ ಶಕ್ತಿ ಮಾಲೆ ಇದೇ ತಿಂಗಳುಗಳಿಗೆ ಬಿದ್ದದ್ದೂ ಒಳ್ಳೆಯದೇ ಆಯಿತು.

ಬಸ್ಸು ಮಾತಾಡಲು ಊರಿನ ಮುಖಂಡನೊಬ್ಬ ಬಸ್‌ಸ್ಟ್ಯಾಂಡಿನ ಏಜೆಂಟನ ಹತ್ತಿರ ಕೂರುತ್ತಾನೆ. ಕಿಲೋಮೀಟರ್ ಲೆಕ್ಕವೋ ದಿನದ ಲೆಕ್ಕವೋ, ಡೀಸೆಲ್ ಯಾರದು, ಡ್ರೈವರ್ ಬಾಟಾ ಎಷ್ಟು, ಪಕ್ಕದ ರಾಜ್ಯದ ಟ್ಯಾಕ್ಸು ಯಾರ ತಲೆಗೆ ಎಂಬುದೆಲ್ಲ ಮೊದಲೇ ತೀರ್ಮಾನವಾಗಬೇಕು, ಇಲ್ಲದಿದ್ದರೆ ಚೆಕ್‌ಪೋಸ್ಟಿನಲ್ಲಿ ಜಗಳ. ಟೈರು, ಎಫ್.ಸಿ. (ಫಿಟ್‌ನೆಸ್ ಸರ್ಟಿಫಿಕೇಟ್) ನೋಡುವವರು ಕಡಿಮೆ. ಡ್ರೈವರ್ ಯಾರು ಎಂದು ಕೇಳದವರು ಮಾತ್ರ ಇಲ್ಲ. ಬಯಲಿನಲ್ಲೇ ಓಡಿಸಿದವನು ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಇಳಿಸಬಲ್ಲನೇ ಎಂಬುದು ಧರ್ಮಸ್ಥಳದ ಯಾತ್ರೆಯಲ್ಲಿ ಸೀಟಿನ ಮೆತ್ತೆಗಿಂತ ದೊಡ್ಡ ವಿಷಯ, ಸರಿಯಾದ ವಿಚಾರವೂ ಹೌದು. ಟಾಪಿನ ಮೇಲೆ ಪಾತ್ರೆ, ಸ್ಟೋವು, ರಾಗಿಹಿಟ್ಟಿನ ಚೀಲ, ಹುರುಳಿಕಾಳು ಏರುತ್ತವೆ. ಛತ್ರದ ಅಂಗಳದಲ್ಲೋ ಹೊಳೆ ದಂಡೆಯಲ್ಲೋ ಬಸ್ಸು ನಿಲ್ಲಿಸಿ ಮುದ್ದೆ ತೊಳಸಿದರೆ ಹೋಟೆಲಿನ ಖರ್ಚಿಲ್ಲ. ತಲೆಗಿಷ್ಟು ಎಂದು ವರ್ಷವಿಡೀ ಚೀಟಿ ಕಟ್ಟಿ ಕೂಡಿಸಿದ ಹಣಕ್ಕೆ ಈ ಲೆಕ್ಕಾಚಾರ ಬೇಕೇ ಬೇಕು.

ಬಾಡಿಗೆ ಬಸ್ಸಿನ ಕಾನೂನು ಮಧ್ಯೆ ಒಮ್ಮೆ ತಲೆಕೆಳಗಾಯಿತು. ದೇವರಾಜ ಅರಸು ಸರ್ಕಾರ 1976ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ ರಾಜ್ಯದ ಖಾಸಗಿ ಕಾಂಟ್ರಾಕ್ಟ್ ಕ್ಯಾರಿಯೇಜ್ ಬಸ್ಸುಗಳನ್ನು ವಶಪಡಿಸಿಕೊಂಡಿತು, ಅದು ಕಾಯಿದೆಯೂ ಆಯಿತು. ಕಾಂಟ್ರಾಕ್ಟ್ ಪರ್ಮಿಟ್ ಹಿಡಿದು ಟಿಕೆಟ್ ಹರಿದು ಜನ ತುಂಬಿಸಿಕೊಂಡು ರೂಟ್ ಬಸ್ಸಿನಂತೆ ಓಡಿಸುತ್ತಾರೆ ಎಂಬುದು ಸರ್ಕಾರದ ದೂರು. ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 1977ರಲ್ಲಿ ರಂಗನಾಥ ರೆಡ್ಡಿ ಮೊಕದ್ದಮೆಯಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. ಈ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಹಳ್ಳಿಯ ಯಾತ್ರಿಕರಿಗೆ ಅದರ ಅರ್ಥ ಸರಳ: ಸರ್ಕಾರಿ ಬಸ್ಸನ್ನೇ ಒಪ್ಪಂದದ ಮೇಲೆ ಪಡೆಯಬೇಕು, ಇಲ್ಲವೇ ಸ್ಪೆಷಲ್ ಪರ್ಮಿಟ್ಟಿನ ರೂಟ್ ಬಸ್ಸು ಹಿಡಿಯಬೇಕು. ಹತ್ತಿರದ ಜಾತ್ರೆಗೆ ಲಾರಿ, ಟ್ರ್ಯಾಕ್ಟರ್ ಹತ್ತುವುದು ಕಾನೂನಿನಲ್ಲಿ ಇಲ್ಲದಿದ್ದರೂ ರೂಢಿಯಲ್ಲಿ ಇದ್ದೇ ಇತ್ತು. 2003ರಲ್ಲಿ ಈ ಕಾಯಿದೆ ರದ್ದಾಯಿತು. ರದ್ದತಿಯ ಮೇಲಿನ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2025ರಲ್ಲಿ. ಅಷ್ಟರಲ್ಲಿ ಪುಷ್‌ಬ್ಯಾಕ್ ಸೀಟಿನ ಟೂರಿಸ್ಟ್ ಬಸ್ಸೂ, ಒಂದೆರಡು ಕುಟುಂಬಕ್ಕೆ ಸಾಕಾಗುವ ಟೆಂಪೊ ಟ್ರಾವೆಲರೂ (ಟಿಟಿ) ತಾಲ್ಲೂಕು ಕೇಂದ್ರಗಳಿಗೆ ಬಂದಾಗಿತ್ತು.

ಪಾವಗಡದ ಕತೆ ಸ್ವಲ್ಪ ಬೇರೆ. ಹಿಂದೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕನ್ನು ಬಹುಪಾಲು ಆಂಧ್ರವೇ ಸುತ್ತುವರಿದಿದೆ. ಮಧುಗಿರಿಯಿಂದ ಅಲ್ಲಿಗೆ ಹೋಗುವ ರಸ್ತೆಯೂ ನಡುವೆ ಆಂಧ್ರದ ನೆಲವನ್ನು ಹಾಯುತ್ತದೆ. ಎರಡೂ ತುದಿ ಒಂದೇ ರಾಜ್ಯದಲ್ಲಿದ್ದು, ನಡುವೆ ಬೇರೆ ರಾಜ್ಯದ ದಾರಿ 16 ಕಿಲೋಮೀಟರ್ ಮೀರದಿದ್ದರೆ ಬಸ್ಸಿನ ಪರ್ಮಿಟ್ಟಿಗೆ ಆ ರಾಜ್ಯದ ಮೇಲುರುಜು ಬೇಡ ಎಂದು 1988ರ ಮೋಟಾರು ವಾಹನ ಕಾಯಿದೆ ಹೇಳುವುದು ಇಂಥ ಗಡಿಗಳಿಗಾಗಿಯೇ. ಗಡಿಯಲ್ಲಿರುವುದರಿಂದ ಪಾವಗಡದವರಿಗೆ ಒಂದು ಲಾಭವೂ ಆಯಿತು. ಖಾಸಗಿ ಬಸ್ಸು, ಕರ್ನಾಟಕದ ಕೆಂಪು ಬಸ್ಸು, ಆಂಧ್ರದ ಸರ್ಕಾರಿ ಬಸ್ಸು, ಮೂರೂ ಒಂದೇ ಊರಿನಲ್ಲಿ ಸಿಗುತ್ತವೆ. ಪುಟ್ಟಪರ್ತಿಗೋ ತಿರುಪತಿಗೋ ಹೋಗುವವರು ಆಂಧ್ರದ ಬಸ್ಸನ್ನೇ ನೆಚ್ಚುತ್ತಾರೆ. ಎದುರು ದಿಕ್ಕಿನಲ್ಲಿ ಪಾವಗಡದ ಶನಿಮಹಾತ್ಮನ ಗುಡಿಗೆ ಆಂಧ್ರದ ಭಕ್ತರು ಬರುತ್ತಾರೆ.

ಆದರೆ ಬಸ್ಸು ಕಡಿಮೆ ಇರುವ ಹಳ್ಳಿಗಳ ದಾರಿಯಲ್ಲಿ ಆಯ್ಕೆ ಎಂಬ ಮಾತೇ ಪೊಳ್ಳು. 2022ರ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿ ಬಳಿ ಕಿಕ್ಕಿರಿದು ತುಂಬಿದ್ದ ಖಾಸಗಿ ಬಸ್ಸು ಮಗುಚಿ ವಿದ್ಯಾರ್ಥಿಗಳೂ ಸೇರಿ ಹಲವರು ಸತ್ತರು. ಆ ದಿನ ಅದರಲ್ಲಿ ಇದ್ದವರು ಯಾತ್ರಿಕರಲ್ಲ, ಕಾಲೇಜಿಗೂ ಕೆಲಸಕ್ಕೂ ಹೊರಟಿದ್ದವರು. ಯಾವ ಬಸ್ಸು ಒಳ್ಳೆಯದು ಎಂದು ತೂಗಿ ನೋಡುವ ಅವಕಾಶ ಅವರಿಗೆ ಇರಲಿಲ್ಲ.

2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆ ಯಾತ್ರೆಯ ಲೆಕ್ಕವನ್ನೇ ಬದಲಿಸಿತು. ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿಯಿಂದ ಹಿಡಿದು ಧರ್ಮಸ್ಥಳದವರೆಗೆ ಹೆಂಗಸರು ಯಾರ ಮುಂದಾಳತ್ವವೂ ಇಲ್ಲದೆ, ಚೀಟಿಯೂ ಕಟ್ಟದೆ, ಎರಡು ಮೂರು ಮನೆಯವರು ಸೇರಿ ಹೊರಡುವಂತಾಯಿತು. ರಿಯಾಯಿತಿ ಐಷಾರಾಮಿ ಬಸ್ಸಿಗಿಲ್ಲ, ಖಾಸಗಿ ಬಸ್ಸಿಗಿಲ್ಲ, ತಿರುಪತಿಯಂಥ ಹೊರರಾಜ್ಯದ ಪ್ರಯಾಣಕ್ಕೂ ಇಲ್ಲ. ಹಾಗಾಗಿ ಖಾಸಗಿ ಬಸ್ಸೇ ಹೆಚ್ಚಿರುವ ದಾರಿಗಳಲ್ಲಿ ಸರ್ಕಾರಿ ಬಸ್ಸು ಬರುವ ಹೊತ್ತನ್ನು ನೋಡಿಕೊಂಡು ಹೆಂಗಸರು ಮನೆಗೆಲಸ ಹೊಂದಿಸಿಕೊಳ್ಳಬೇಕು. ತಿರುಪತಿಗೆ ಇನ್ನೂ ಗುಂಪು ಕಟ್ಟಿ ಗಾಡಿ ಮಾತಾಡುವುದೇ ನಡೆದಿದೆ. ಬೆಂಗಳೂರಿನವರೆಗೆ ಹೋಗಬಲ್ಲವರು ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ದರ್ಶನ ಸಹಿತ ಪ್ಯಾಕೇಜು ಹಿಡಿಯುತ್ತಿದ್ದದ್ದೂ ಉಂಟು.

ರೈಲಿಗಾಗಿ ಈ ಸೀಮೆ ಈಗಲೂ ಕಾಯುತ್ತಿದೆ. ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡ, ಮಧುಗಿರಿ, ಕೊರಟಗೆರೆಯ ಮೂಲಕ ತುಮಕೂರಿಗೆ ಒಂದು ಮಾರ್ಗ, ತುಮಕೂರಿನಿಂದ ಶಿರಾ, ಚಿತ್ರದುರ್ಗ ಹಾದು ದಾವಣಗೆರೆಗೆ ಇನ್ನೊಂದು. ಮೊದಲನೆಯದರ ಕೆಲಸ ಆಂಧ್ರದ ಕಡೆಯಿಂದ ತುಂಡುತುಂಡಾಗಿ ಸಾಗಿ ಬಂದಿದೆ. ಎರಡೂ ಪೂರ್ತಿಯಾದರೆ ನಾಲ್ಕು ತಾಲ್ಲೂಕು ಕೇಂದ್ರಗಳಿಗೂ ಸ್ವಂತ ಸ್ಟೇಷನ್ನು ಇರುತ್ತದೆ, ಹಿಂದೂಪುರವೋ ತುಮಕೂರೋ ಎಂದು ಲೆಕ್ಕ ಹಾಕಬೇಕಾಗುವುದಿಲ್ಲ.